ಚುಕ್ಕೆಯಾಚೆ ಒಂದೇ ಮನೆ

ತಪ್ಪು ನನಗೆ ಸಿಕ್ಕಿದ್ದು ಪರದೆಯ ಮೇಲಲ್ಲ.
ಪಿ.ಬಿ. ರಸ್ತೆಯ ಬದಿಗೆ, ದಾದಾಪೀರನ ಗಾಡಿಯ ಮುಂದೆ,
ಮೆಣಸಿನಕಾಯಿ ಸುತ್ತಿಕೊಟ್ಟ ಕಾಗದದಲ್ಲಿ.

ನಮ್ಮ ವೇಬ್ರಿಜ್ಜಿನದೇ ಚೀಟಿ, ರದ್ದಿಗೆ ಹಾಕಿದ್ದು.
'...ಶಪ್ಪ, ಕಕ್ಕರಗೊಳ್ಳ. ಮೆಕ್ಕೆಜೋಳ.
ನಿವ್ವಳ ೩೪.೮ ಕ್ವಿಂಟಲ್.'
ಎಣ್ಣೆ ಕುಡಿದ ಕಾಗದ ಬೆನ್ನನ್ನೂ ತೋರಿಸುತ್ತಿತ್ತು:
ಕಾಟಾದ ಹಾಲೇಶ ಪೆನ್ಸಿಲ್ಲಿನಲ್ಲಿ ಗೀಚಿದ್ದು,
ಕನ್ನಡಿಯೊಳಗಿನ ಹಾಗೆ ತಿರುವುಮುರುವಾಗಿ,
೩೪.೮೯.

ಇಪ್ಪತ್ತೆರಡು ವರ್ಷ ತೂಕ ನೋಡಿದವನು,
ಯಂತ್ರ ನಂಬದೆ ಪ್ರತಿಯೊಂದರ ಬೆನ್ನಿಗೂ ಬರೆಯುತ್ತಿದ್ದ.
ನಾನು ನಗುತ್ತಿದ್ದೆ.

ಆ ಸಾಲು ನನ್ನದು. ಯುಗಾದಿಯ ಹಿಂದಿನ ರಾತ್ರಿ
ಕೆ.ಟಿ.ಜೆ. ನಗರದ ಬಾಡಿಗೆ ಕೋಣೆಯಲ್ಲಿ ಬರೆದದ್ದು.
ಪ್ರೆಸ್ಸಿನವರು ಹತ್ತು ಸಾವಿರ ಚೀಟಿ ಆಗಲೇ ಅಚ್ಚು ಹಾಕಿದ್ದರು,
ಚುಕ್ಕೆಯಾಚೆ ಒಂದೇ ಮನೆ ಬಿಟ್ಟು.
ಎರಡು ಅಂಕಿ ಹಿಡಿಸದು. ನಿದ್ದೆ ಎಳೆಯುತ್ತಿತ್ತು. ಬರೆದೆ:
ಹತ್ತರಿಂದ ಭಾಗಿಸು, ಶೇಷ ಬಿಡು.
ಬಿಡು ಎಂದರೆ ಬಿಡುವುದು ಯಂತ್ರಕ್ಕೆ ಗೊತ್ತು,
ಯಾರದ್ದು ಎಂದು ಕೇಳುವುದು ಗೊತ್ತಿಲ್ಲ.

ಟ್ರ್ಯಾಕ್ಟರಿಗೆ ನಾಲ್ಕೂವರೆ ಕಿಲೊ, ಅಂದಾಜು.
ಯಾರೂ ಜಗಳಕ್ಕೆ ನಿಲ್ಲದಷ್ಟು,
ಚೀಲ ಎಳೆಯುವಾಗ ಉದುರಿ ಪಾರಿವಾಳ ಹೆಕ್ಕುವಷ್ಟು.
ಹನ್ನೊಂದು ತಿಂಗಳು, ಆರು ಸಾವಿರದ ಇನ್ನೂರು ಚೀಟಿ.
ಮೊಬೈಲಿಗೆ ಎಣ್ಣೆಬೆರಳು ಒತ್ತುತ್ತ ಗುಣಿಸಿದೆ:
ಇನ್ನೂರ ಎಪ್ಪತ್ತೊಂಬತ್ತು ಕ್ವಿಂಟಲ್.
ಮೂರು ಲಾರಿ.
ಮೂರು ಲಾರಿ ಜೋಳ ಒಂದು ಸಾಲಿನ ಅಡಿಯಿಂದ ಹಾದುಹೋಗಿದೆ
ಹಾಡುಹಗಲು, ರಸೀದಿ ಸಮೇತ.

ಮುರಿಗೆಪ್ಪನವರು ಚಹಾ ತರಿಸಿದರು.
"ಇನ್ಮ್ಯಾಲೆ ಸರಿ ಬರ್ತದಲ್ಲ?"
"ಬರ್ತದೆ. ನಾಲ್ಕು ನಿಮಿಷದ ಕೆಲಸ, ಮುಗೀತು."
"ಮತ್ತೇನು? ಹೋದದ್ದು ಬಿಡ್ರಿ."
ಬಿಡ್ರಿ.
ನನ್ನ ಸಾಲನ್ನೇ ಓದಿದ ಹಾಗಿತ್ತು, ಬಹುವಚನದಲ್ಲಿ.

ಕಂಪ್ಯೂಟರಿನಲ್ಲಿ ಹುಡುಕಿದರೆ ಅಲ್ಲೂ ಒಂದೇ ಮನೆ.
ಎರಡನೆಯ ಅಂಕಿ ಇರುವುದು ಪೆನ್ಸಿಲ್ಲಿನಲ್ಲಿ,
ಪೆನ್ಸಿಲ್ಲು ಇರುವುದು ಊರ ತುಂಬ,
ಮಂಡಕ್ಕಿಯ ಅಡಿಗೆ, ಕೈ ಒರೆಸಿ ಎಸೆದ ಚರಂಡಿಗೆ.

ಮರುಸಂಜೆ ಮತ್ತೆ ಹೋದೆ.
"ಖಾರ ಬೇಡ, ಮಂಡಕ್ಕಿ ಬೇಡ, ಕಾಗದ ಕೊಡು."
ದಾದಾಪೀರ ನನ್ನ ಮುಖ ನೋಡಿದ,
ಗಾಡಿಯಡಿಯ ಕಟ್ಟು ಎಳೆದು ತಕ್ಕಡಿಗೆ ಹಾಕಿದ.
ಮುಳ್ಳು ನೆಟ್ಟಗೆ ನಿಂತಿತು.
ನಿಂತ ಮೇಲೆ ಇನ್ನೊಂದು ಹಿಡಿ ಚೀಟಿ ಮೇಲೆ ಇಟ್ಟ:
"ಕೊಸರು, ಅಕ್ಕ."

ಇಂಥದೊಂದು ಪದ ಇದೆ ಎಂಬುದು
ಆ ರಾತ್ರಿ ನನಗೆ ನೆನಪಾಗಿರಲಿಲ್ಲ.

ಕೋಣೆಯಲ್ಲಿ ನೂರು ಹಾಳೆಯ ನೋಟ್‌ಬುಕ್ಕು ತೆರೆದು ಕೂತೆ.
ಮೊದಲ ಚೀಟಿ: ಹನುಮವ್ವ, ಬಾಡ.
ಮುಂದೆ ೨೭.೩.
ಹಿಂದೆ ಪೆನ್ಸಿಲ್ಲು, ೨೭.೩
ಆಮೇಲೆ ಎಣ್ಣೆ.