ಎಡಗೈ ಬ್ರೇಕು

ಗುಳೇದಗುಡ್ಡದ ಹಿರೇಸಾಲಿ, ಮೂರನೇ ಖೋಲಿ.
ಹನ್ನೊಂದು ಸೈಕಲ್ಲು, ಹನ್ನೊಂದು ಚೀಟಿ.
ಬರದಾಂವ ನಾನಽ, ಮಗ್ಗದ ಫಿಟ್ಟರ್ ಮಾಗುಂಡಪ್ಪ.
ಅಕ್ಷರ ಸೊಟ್ಟ, ಇಸವಿ ನೆಟ್ಟಗ.

ಇದು ಖಣದ ಗಂಟು ಹೊತ್ತದ್ದು, ಕ್ಯಾರಿಯರ್ ಬಾಗೇತಿ ನೋಡ್ರಿ.
ಇದು ಜೋಡು ಫೋರ್ಕಿನ ಹಂಬರ್,
ಕೆರೂರ ಸಂತ್ಯಾಗ ಕೋಳಿಬುಟ್ಟಿ ಕೆಳಗ ಸಿಕ್ಕಿದ್ದು.
ಈ ಹಿತ್ತಾಳಿ ಬಿಲ್ಲೆ ಪುರಸಭೆದು,
ಇದಿಲ್ಲದ ಪ್ಯಾಟಿಗೆ ಬಂದ್ರ ಜವಾನ ಗಾಳಿ ಬಿಡತಿದ್ದ.

ಮೂಲ್ಯಾಗ ನಿಂತದ್ದು ಹೆಂಗಸರ ಸೈಕಲ್ಲು.
ಗುಜರಿ ದಸ್ತಗೀರನ ತಕ್ಕಡಿಯಿಂದ
ಕಿಲೋ ಲೆಕ್ಕಕ್ಕ ಇಳಿಸಿಕೊಂಡೆ.
ಎಲ್ಲಾ ಇತ್ತು. ಎಡಗೈ ಬ್ರೇಕೊಂದು ಇರಲಿಲ್ಲ.
ಅದಕ್ಕ ಮೂರು ವರ್ಷ:
ಇಳಕಲ್ಲು, ಜಮಖಂಡಿ, ಬೆಳಗಾವಿ ಕ್ಯಾಂಪಿನ ಹಳೇ ಸಾಮಾನಿನ ಅಂಗಡಿ.
ಹೆಂಡತಿ ಅಂದ್ಳು,
"ನನ್ನ ಹಲ್ಲು ಬಿದ್ದು ಎಂಟು ವರ್ಷಾತು,
ಒಂದಿನಾರ ಹುಡುಕಿದೇನು?"
ಸಿಕ್ತು ಕಡೀಕ. ಅದಽ ಕಂಪನಿ, ಅದಽ ಕಾಲದ್ದು.
ಬೂದಿ ಹಚ್ಚಿ ತಿಕ್ಕಿದೆ, ಕೂಡಿಸಿದೆ,
ಚೀಟಿ ಬರದೆ: ಪೂರ್ಣ ಮೂಲರೂಪದಲ್ಲಿದೆ.

ಎರಡನೇ ದಿನ ಸಂಜಿಮುಂದ
ಮೊಮ್ಮಗಳ ಹೆಗಲು ಹಿಡದು ಬಂದ್ಳು ಎಸ್ತೇರಬಾಯಿ,
ಮಿಷನ್ ದವಾಖಾನಿಯ ಹಳೇ ನರ್ಸು.
ಮುಟ್ಟಬ್ಯಾಡ್ರಿ ಅಂತ ಬೋರ್ಡು. ಓದಿದ್ಳು. ಮುಟ್ಟಿದ್ಳು.
ಸೀಟಿನ ಮೂಗು, ಬೆಲ್ಲಿನ ಬಟ್ಟಲ.
ಹ್ಯಾಂಡಲ್ಲಿಗೆ ಬಂದ ಎಡಗೈ ಮಾತ್ರ
ಬಿಸಿ ತಾಗಿದಂಗ ಹಿಂದ ಸರೀತು.

"ಇದೇನು?"
"ಬ್ರೇಕು."
"ಇರಲಿಲ್ಲ."
"ಇರಬೇಕ್ರೀ ಬಾಯಾರ, ಕಂಪನಿ..."
"ಕಂಪನಿ ಬರತಿತ್ತೇನು ನನ್ನ ಜೋಡಿ ಹೆರಿಗಿಗೆ?
ಕಂದೀಲು ಅಲ್ಲೇ ತೂಗಹಾಕತಿದ್ದೆ. ತೊಡರತಿತ್ತು, ಬಿಚ್ಚಿಸಿದೆ.
ಕೋಟೀಕಲ್ಲ ಇಳಿಜಾರಿನ್ಯಾಗ
ಎಡಗಾಲು ನೆಲಕ್ಕೊತ್ತಿ ನಿಲ್ಲಸೂದು.
ವರ್ಷಕ್ಕ ಆರು ಚಪ್ಪಲಿ, ಆರೂ ಎಡದ್ದು.
ಮೋಚಿ ದುರ್ಗಪ್ಪ ಬಲದ್ದು ಹೊಲಿಯೂದಽ ಬಿಟ್ಟಿದ್ದ."

ಮೊಮ್ಮಗಳು ನಕ್ಕಳು. ಬಾಯಿ ನಗಲಿಲ್ಲ.
ಬೆಲ್ಲು ಒಮ್ಮೆ ಬಾರಿಸಿ,
ಯಾವುದೋ ಮನಿ ಬಾಗಲಾ ತಗೀಲಿ ಅನ್ನೂವಂಗ
ಚೂರು ಹೊತ್ತು ಕಾದು,
ಹೋದ್ಳು.

ಖೋಲಿ ಕೀಲಿ ಹಾಕೂ ಮುಂದ ಪಾನಾ ತಗೊಂಡೆ.
ಮೂರು ವರ್ಷದ ಬ್ರೇಕು ಈಗ ನನ್ನ ಕಿಸೇದಾಗೈತಿ,
ನಡದಾಗೊಮ್ಮೆ ತೊಡಿಗೆ ಬಡೀತದ.
ಮೂಲರೂಪ ಅಂದದ್ದಕ್ಕ ಗೀಟು ಎಳದೆ,
ಅದರ ಬದಲಿ ಏನೂ ಬರೀಲಿಲ್ಲ.
ಉಳದ ಹತ್ತು ಚೀಟಿ ಓದಲಿಕ್ಕೆ ಅಂಜಿಕಿ.

ಮುಂಜಾನೆ ಮೋಚಿ ಓಣಿಗೆ ಹೋಗಬೇಕು.
ದುರ್ಗಪ್ಪ ಇಲ್ಲ, ಮಗ ಅದಾನಂತ.
ಕೇಳತೀನಿ, ಅಟ್ಟದ ಮ್ಯಾಲೆ, ಚೀಲದ ತಳಕ್ಕ,
ಒಂದಽ ಒಂದು, ಎಡಗಾಲಿಂದು,
ಹಿಮ್ಮಡಿ ಸವದದ್ದು...
ರೊಕ್ಕ ಎಷ್ಟಾದ್ರೂ ಆಗ್ಲಿ.