ಹಿಮ್ಮಡಿ

ಎರಡು ಅಂಕದ ಪ್ರಶ್ನೆ:
ಗ್ರೀಕರ ಪುರಾಣದಲ್ಲಿ ವೀರನೆನಿಸಲು ಏನೇನು ಬೇಕು?
ಬೋರ್ಡಿನ ಮೇಲೆ ನಾನೇ ಬರೆಸಿದ್ದೆ ಉತ್ತರ:
ಅಪ್ಪ ಅಮ್ಮಂದಿರಲ್ಲಿ ಒಬ್ಬರು ದೇವರು,
ಕೊಲ್ಲಲೊಂದು ಮೃಗ, ದಾಟಲೊಂದು ಕಡಲು,
ಕಣ್ಣು ಕಟ್ಟುವಷ್ಟು ಗರ್ವ,
ಹೇಳಿಕೊಳ್ಳಲು ಬರುವಂಥ ಒಂದು ಸಾವು.
ಎಂಟನೇ ಕ್ಲಾಸು ಬಿ ಸೆಕ್ಷನ್ನು ಬರೆದುಕೊಂಡಿತು,
ಗರ್ವಕ್ಕೆ ಅರ್ಕ ಎಲ್ಲಿ ಹಾಕುವುದೆಂಬ ಜಗಳ ಸಮೇತ.

ಶನಿವಾರ ಬೆಳಗಿನ ಸ್ಕೂಲು ಮುಗಿಸಿ
ಸಾಲು ಹಿಡಿಸಿ ಕರೆದೊಯ್ದೆ ಅರಮನೆ ಮ್ಯೂಸಿಯಮ್ಮಿಗೆ,
ಮೂವತ್ತನಾಲ್ಕು ಜನ. ತುಂಗೆಯ ಕಡೆಯಿಂದ ಬಿಸಿಗಾಳಿ.
ಅಂಗಳದ ಹುಲ್ಲಿನಲ್ಲಿ ವೀರಗಲ್ಲುಗಳು,
ಬಸ್ಸಿಗೆ ಕಾದು ಕಾದು
ನಿಂತಲ್ಲೇ ನಿದ್ದೆಹೋದವರ ಹಾಗೆ.

ಕೆಳಗಿನ ಪಟ್ಟಿಯಲ್ಲಿ ಕಾಳಗ, ಓಡುವ ದನಗಳ ಬಾಲ,
ನಡುವೆ ಅಪ್ಸರೆಯರ ತೋಳು,
ಮೇಲೆ ಲಿಂಗ, ಒಬ್ಬ ಪೂಜಾರಿ, ಒಂದು ಬಸವ.
ಮೂರು ಮಹಡಿ ಮನೆ ಸಾರ್, ಲಿಫ್ಟಿಲ್ಲ, ಅಂದ ಚೌಡಪ್ಪ.

ಇವರಪ್ಪ ಯಾವ ದೇವರು, ಕೇಳಿದಳು ನಫೀಸಾ.
ದನ ಕಾಯುವವನಿರಬೇಕಮ್ಮ, ಅಂದೆ.
ಹಾಗಾದ್ರೆ ಇವರು ಆಗಲ್ಲ ಸಾರ್,
ಲಿಸ್ಟಿನಲ್ಲಿ ಮೊದಲನೇದೇ ಇಲ್ಲ.
ಆಮೇಲೆ, ನೋಟ್‌ಬುಕ್ಕು ಮುಚ್ಚಿ:
ಆ ತಾಯಿ ಮಗುವಿನ ಹಿಮ್ಮಡಿ ಹಿಡಿದು
ಪಾತಾಳದ ಹೊಳೆಯಲ್ಲಿ ಅದ್ದಿದಳಲ್ಲ,
ಕೈ ಬದಲಿಸಿ ಇನ್ನೊಂದು ಸಲ ಅದ್ದಿದ್ದರೆ?

ಹದಿನೇಳು ವರ್ಷ ಈ ಪಾಠ ಮಾಡಿದ್ದೇನೆ.
ಇಷ್ಟು ಸುಲಭದ ಉಪಾಯ
ನನಗೂ ಹೊಳೆದಿರಲಿಲ್ಲ, ಆ ದೇವತೆಗೂ.

ಕಾವಲಿನ ಹುಚ್ಚರಾಯಪ್ಪ ಬೀಡಿ ಆರಿಸಿ ಎದ್ದ.
ಶಿಕಾರಿಪುರದ ಕಡೆಯವನು.
ಹಳಗನ್ನಡ ಓದಲು ಬಾರದು, ಕಲ್ಲಿನ ಮೈ ಬಲ್ಲ.
ಬರ್ರಿ ಇಲ್ಲಿ, ಅಂತ ಕರೆದ ಗೋಡೆಯ ಮೂಲೆಗೆ.
ಇನ್ನೂ ನಂಬರು ಬರೆಯದ ಒಂದು ಕಲ್ಲು.
ಮೇಲಿನ ಪಟ್ಟಿ ಮುರಿದು ಕೈಲಾಸವೇ ಇಲ್ಲ;
ಅಪ್ಸರೆಯರು ಎತ್ತಿಕೊಂಡು ಹೊರಟಿದ್ದಾರೆ, ಎಲ್ಲಿಗೋ.
ಆದರೆ ಮುಖ ಮೊನ್ನೆ ಕೆತ್ತಿದ ಹಾಗಿದೆ:
ಮೀಸೆಯ ಎಳೆ, ಕಿವಿಯ ಕಡಕು,
ತುಟಿ ತುಸು ತೆರೆದಿದೆ,
ಯಾರನ್ನೋ ಕೂಗಲು ಹೊರಟವನಂತೆ.

ಇದು ನಮ್ಮ ಹಿತ್ತಲಲ್ಲಿತ್ತು, ಅಂದ.
ಬೋರಲು ಬಿದ್ದಿತ್ತು. ಕೆಸರಲ್ಲಿ ಒಬ್ಬ ಮಲಗಿದಾನೆ ಅಂತ
ಯಾರಿಗ್ಗೊತ್ತು?
ಬೆನ್ನ ಮೇಲೆ ನಮ್ಮವ್ವ ಬಟ್ಟೆ ಒಗೆದಳು,
ಅವಳ ಅತ್ತೆ ಒಗೆದಿದ್ದಳು.
ಹಿಂದುಗಡೆ ಮುಟ್ಟಿ ನೋಡಿ.

ಮುಟ್ಟಿದರು. ಸವೆದ ಸೋಪಿನಷ್ಟು ನುಣುಪು.

ನನಗೆ ನೀರು ಹಾಕಿದ್ದೂ ಇದರ ಮೇಲೇ.
ಜಾರ್ತೀನಿ ಅಂತ ಇಲ್ಲಿ ಹಿಡ್ಕೊಳ್ಳೋಳು...
ಚಪ್ಪಲಿ ಬಿಟ್ಟು, ಒಂಟಿಗಾಲಲ್ಲಿ ತೂಗಾಡುತ್ತ
ಎತ್ತಿ ತೋರಿಸಿದ: ಬಿರಿದ ಹಿಮ್ಮಡಿ,
ಬಿರುಕಿನ ತುಂಬ ಮೇಣ.
ಮಕ್ಕಳು ನಕ್ಕರು. ಅವನೂ ನಕ್ಕ.
ಅವ್ವ ಕೈ ಬದಲಿಸಿದ ನೆನಪಿಲ್ಲ ತಾಯೀ,
ಬದಲಿಸಬೇಕಾದ್ರೆ
ಒಂದು ಗಳಿಗೆ ಬಿಡಬೇಕಲ್ಲ.

ಒಲಿಂಪಸ್ಸಿನ ಮೇಲೆ ಒಬ್ಬನೂ ವೀರನಿಲ್ಲ ಮಕ್ಕಳೇ,
ಸಾವಿಲ್ಲದವರಿಗೆ ಕಳೆದುಕೊಳ್ಳುವುದಾದರೂ ಏನು,
ಅಂತ ಶುರುಮಾಡಿದ್ದೆ ನಾನು.
ಯಾರೂ ಕೇಳಿಸಿಕೊಳ್ಳಲಿಲ್ಲ.
ಚೌಡಪ್ಪ ಕಲ್ಲಿಗೆ ಬೆನ್ನು ಕೊಟ್ಟು ಎತ್ತರ ಅಳೆಯುತ್ತಿದ್ದ.
ಎರಡು ಬೆರಳು ಜಾಸ್ತಿ ಸಾರ್, ನಾನು!

ಗೇಟಿನಲ್ಲಿ ಎಣಿಸಿದೆ. ಮೂವತ್ತಮೂರು.
ಮತ್ತೆ ಎಣಿಸಿದೆ. ಮೂವತ್ತಮೂರು.
ಓಡಿದೆ.
ಮೂಲೆಯ ಕಲ್ಲಿನೆದುರು ಕುಕ್ಕರಗಾಲಲ್ಲಿ ಕೂತು ನಫೀಸಾ
ಬಿದ್ದವನ ಮೇಲೆ ಊರಿದ್ದ ಆ ಪಾದದ ಹಿಂದೆ
ಬೆರಳಾಡಿಸಿ ಏನನ್ನೋ ಹುಡುಕುತ್ತಿದ್ದಳು.
ಉಗುರಿನಷ್ಟು ಮಣ್ಣು ಕಿತ್ತು ಬಂತು.

ಪರೀಕ್ಷೆಯಲ್ಲಿ ಲಿಸ್ಟು ಬರೆದಿರಲಿಲ್ಲ ಅವಳು.
ಒಂದೇ ಸಾಲು:
ಅವನನ್ನು ಯಾರೋ ಒಬ್ಬರು
ಬಿಡದೆ ಹಿಡಿದುಕೊಂಡಿರಬೇಕು.

ಒಂದೂವರೆ ಕೊಟ್ಟೆ.
ಸ್ಟಾಫ್ ರೂಮಿನಲ್ಲಿ, ಬೆಲ್ಲು ಹೊಡೆಯುವ ತನಕ,
ಆ ಉಳಿದ ಅರ್ಧದ ಮೇಲೆ
ಕೆಂಪು ಪೆನ್ನು ಹಿಡಿದೇ ಕೂತಿದ್ದೆ.