ಹರಾಜು

ಸೋಮವಾರ ಎಲಾಡಿಯೊಗೆ ಒಂದು ದೋಣಿ ಎರಡಾಗಿ ಕಂಡಿತು.
ಹತ್ತೇ ನಿಮಿಷ. ಆಮೇಲೆ ಒಂದೇ.
ಲಾಭ ಬಿಡು ಎಂದು ನಕ್ಕೆವು
ವೀಗೊ ಬಂದರಿನ ನಾವೆಲ್ಲ.

ಬುಧವಾರ ಬೆಲೆ ಕೂಗುತ್ತ ಕೂಗುತ್ತ
ನಾಲಿಗೆ ಒದ್ದೆ ಹಗ್ಗದಂತೆ ತೊಡರಿತು.
ಬೆಳಗಿನ ಐದಕ್ಕೇ ಕುಡಿದಿದ್ದಾನೆ, ಅಂದರು ಯಾರೋ.
ಡಾಕ್ಟರ ಮುಂದೆ ಮಾತ್ರ
ಅರಳು ಹುರಿದಂಥ ಮಾತು!

ಬಲಗೈ ಮರಗಟ್ಟಿತು, ಬಿಟ್ಟಿತು,
ಮತ್ತೆ ಮರಗಟ್ಟಿತು.
ಬಂದದ್ದು ಹೋಯಿತಲ್ಲ, ಇನ್ನೇನು, ಎಂದ.
ಹೋದದ್ದು
ಬಾಗಿಲು ಗುರುತಿಟ್ಟುಕೊಂಡು ಹೋಗಿತ್ತು.

ಶನಿವಾರ ಹರಾಜಿಗೆ ಬೇರೆ ದನಿ.

ಮೂವತ್ತು ವರ್ಷ
ರೆಪ್ಪೆ ಮಿಟುಕಿಸಿಯೇ ಮೀನು ಕೊಂಡವನು ನಾನು,
ಯಾರೂ ಕಾಣದ ಆ ಸನ್ನೆ
ಅವನಿಗೊಬ್ಬನಿಗೇ ಕಾಣುತ್ತಿತ್ತು.
ಈಗ ಅವನಲ್ಲಿ ಆಡುವುದು ರೆಪ್ಪೆಯೊಂದೇ.
ಮಂಚದ ಪಕ್ಕ ನಿಂತು ಕೂಗುತ್ತೇನೆ:
ದಿಂಬು ಏರಿಸಲೆ? ದೀಪ ಆರಿಸಲೆ?
ಕಿಟಕಿ—

ರೆಪ್ಪೆ ಬಿತ್ತು.
ತೆಗೆದೆ. ಬೂತಾಯಿ ವಾಸನೆ ಒಳಗೆ ಬಂತು.